ದಿನಾ ನನ್ನ ಸ್ಟೇಟಸ್ ನೋಡ್ತಾನೆ, ಒಂದು ಫೋನ್ ಮಾಡಲ್ಲ

ಪ್ರಶ್ನೆ: ನಾನು ಕಲಬುರಗಿಯವಳು, ವಯಸ್ಸು 54. ತಮ್ಮ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಅವ್ವ ಆಳಂದ ತಾಲೂಕಿನ ನಮ್ಮ ಊರಲ್ಲೇ ಇದ್ದಾಳೆ. ಮೊದಲು ತಮ್ಮ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ. ಈಗ ಒಂದು ವರ್ಷದಿಂದ ನನಗೆ ಅವನ ಫೋನೇ ಇಲ್ಲ. ಆದರೆ ನಾನು ಜಾತ್ರೆಯದೋ, ಮೊಮ್ಮಗನದೋ, ಅವ್ವನದೋ ಫೋಟೊ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದರೆ ನೋಡಿದವರ ಪಟ್ಟಿಯಲ್ಲಿ ಅವನ ಹೆಸರು ದಿನಾ ಇರುತ್ತದೆ. ಈ ಸಲ ಪಂಚಮಿಗೆ ಕರೆಯಲು ಬರಲಿಲ್ಲ. ನಾಗಪ್ಪನ ಸ್ಟಿಕ್ಕರ್ ಕಳಿಸಿ, ಫೋನ್‌ಪೇಯಲ್ಲಿ ಸಾವಿರ ರೂಪಾಯಿ ಹಾಕಿದ. ಸಣ್ಣವನಿದ್ದಾಗ ಬೇವಿನ ಗಿಡ ಹತ್ತಿ ನನಗೆ ಜೋಕಾಲಿ ಕಟ್ಟುತ್ತಿದ್ದವನು ಅವನೇ. ನಮ್ಮ ನಡುವೆ ಜಗಳ ಇಲ್ಲ, ಹೊಲದ ತಂಟೆ ಇಲ್ಲ. ಈ ಫೋನುಗಳು ನಮ್ಮನ್ನು ಹತ್ತಿರ ಮಾಡುತ್ತಿವೆಯೋ ದೂರ ಮಾಡುತ್ತಿವೆಯೋ? ನನ್ನ ತಮ್ಮನಿಗೆ ನನ್ನ ಮೇಲೆ ಪ್ರೀತಿ ಇದೆಯೋ ಇಲ್ಲವೋ?

ಉತ್ತರ: ಅಕ್ಕಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನು ಇಪ್ಪತ್ತೆರಡು ವರ್ಷದಿಂದ ಇದೇ ಕಲಬುರಗಿಯಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಈಚೆಗೆ ಜನ ನನ್ನ ಹತ್ತಿರ ಜಾಸ್ತಿ ಹೇಳಿಕೊಳ್ಳುವ ಸಂಕಟ ಇದೇ. ಜಗಳವಾಗಿದ್ದರೆ ನಾಲ್ಕು ಮಂದಿ ಹಿರಿಯರು ಕೂತು ಬಗೆಹರಿಸುತ್ತಾರೆ. ಇಲ್ಲಿ ಬಗೆಹರಿಸಲು ಜಗಳವೇ ಇಲ್ಲ. ಯಾರ ತಪ್ಪು ಅಂತಲೂ ಗೊತ್ತಾಗುವುದಿಲ್ಲ. ಸುಮ್ನೆ ಒಳಗೊಳಗೇ ನೋಯುತ್ತದೆ.

ಮೊದಲು ಆ ಪಟ್ಟಿಯ ಮಾತು. ಈಗಿನ ರೀತಿಯ ಸ್ಟೇಟಸ್ಸನ್ನು ವಾಟ್ಸಾಪ್ ತಂದಿದ್ದು 2017ರ ಫೆಬ್ರವರಿಯಲ್ಲಿ. ಚಿತ್ರ ಹಾಕಿದರೆ 24 ಗಂಟೆ ಇರುತ್ತದೆ, ಯಾರು ನೋಡಿದರು ಅಂತ ಹೆಸರು ಬರುತ್ತದೆ. ಆದರೆ ಒಬ್ಬರ ಸ್ಟೇಟಸ್ ಒತ್ತಿದರೆ, ಅದು ಮುಗಿದ ಮೇಲೆ ಮುಂದಿನವರದು ತಾನಾಗಿಯೇ ಶುರುವಾಗುತ್ತದೆ. ನಿಮ್ಮ ತಮ್ಮ ಊಟದ ಬಿಡುವಿನಲ್ಲಿ ಯಾರದೋ ಒಂದನ್ನು ಒತ್ತಿದರೂ ಸಾಲಾಗಿ ಹದಿನೈದು ಮಂದಿಯದು ಸರಿದುಹೋಗುತ್ತದೆ. ಅದರಲ್ಲಿ ನಿಮ್ಮದೂ ಒಂದಿರಬಹುದು. ಹೀಗೆ ಹೇಳಿ ನಿಮ್ಮ ಮನಸ್ಸು ನೋಯಿಸುವುದು ನನ್ನ ಉದ್ದೇಶ ಅಲ್ಲ. ಯಾಕೆಂದರೆ ಇದರ ಉಲ್ಟಾ ಕೂಡ ನಿಜ ಇರಬಹುದು. ಅವ್ವನ ಫೋಟೊ ಬಂದ ದಿನ ಅವನು ಪರದೆ ಮೇಲೆ ಹೆಬ್ಬೆರಳಿಟ್ಟು, ಅದು ಸರಿಯದ ಹಾಗೆ ಹಿಡಿದುಕೊಂಡು, ಎಷ್ಟೋ ಹೊತ್ತು ನೋಡಿರಬಹುದು. ಎರಡೂ ದಿನ ಪಟ್ಟಿಯಲ್ಲಿ ಬರುವುದು ಅದೇ ಒಂದು ಹೆಸರು. ಪ್ರೀತಿ ಇದೆಯೋ ಇಲ್ಲವೋ ಅಂತ ಹೇಳುವ ಶಕ್ತಿ ಆ ಪಟ್ಟಿಗೆ ಇಲ್ಲ. ರಾತ್ರಿ ಮಲಗುವ ಮುಂಚೆ ಅದನ್ನು ತೆಗೆದು ನೋಡುವುದನ್ನು ದಯವಿಟ್ಟು ಬಿಡಿ.

ಈಗ ದೊಡ್ಡ ಪ್ರಶ್ನೆ, ಹತ್ತಿರವೋ ದೂರವೋ ಅನ್ನುವುದು. ನಮ್ಮ ಮಾತಿನಲ್ಲೇ ಇದಕ್ಕೆ ಒಂದು ದಾರಿ ಇದೆ. ಯಾರಿಗಾದರೂ ಆರಾಮಿಲ್ಲ ಅಂದರೆ, ಯಾರ ಮನೆಯಲ್ಲಾದರೂ ಸಾವಾದರೆ, ನಾವು ಏನು ಹೇಳುತ್ತೇವೆ? 'ಮಾತಾಡಿಸಿಕೊಂಡು ಬರೋಣ' ಅನ್ನುತ್ತೇವೆ. ಮಾತಾಡಿ ಬರೋಣ ಅಲ್ಲ, ಮಾತಾಡಿಸಿ ಬರೋಣ. ಹೋಗಿ ಜಮಖಾನೆ ಮೇಲೆ ಕೂರುತ್ತೇವೆ. ಅರ್ಧ ಕಪ್ ಚಹಾ ಬರುತ್ತದೆ. ಆಮೇಲೆ 'ಹ್ಯಾಂಗ್ ಆಯ್ತ್ರಿ?' ಅಂತ ಕೇಳುತ್ತೇವೆ. ಹೇಗಾಯಿತು ಅಂತ ಓಣಿಗೆಲ್ಲ ಗೊತ್ತಿರುತ್ತದೆ, ಕೇಳುವವರಿಗೂ ಗೊತ್ತಿರುತ್ತದೆ. ಆದರೂ ಕೇಳುತ್ತೇವೆ, ಅವರ ಬಾಯಿಂದ ಬರಲಿ ಅಂತ. ಅವರು ಮೊದಲಿಂದ ಹೇಳುತ್ತಾರೆ. ನಡುವೆ ಅಳುತ್ತಾರೆ, ಮತ್ತೆ ಹೇಳುತ್ತಾರೆ. ಹತ್ತು ಮಂದಿಗೆ ಹತ್ತು ಸಲ ಹೇಳಿದ ಮೇಲೆ ಎದೆ ಸ್ವಲ್ಪ ಹಗುರಾಗುತ್ತದೆ. ನಮ್ಮ ಹಿರಿಯರು ಯಾವ ಪುಸ್ತಕವನ್ನೂ ಓದದೆ ಕಂಡುಕೊಂಡ ಔಷಧಿ ಇದು.

ಈ ಫೋನು ಬಂದ ಮೇಲೆ ಮಾತಾಡುವುದು ಕಡಿಮೆ ಆಗಿಲ್ಲ ಅಕ್ಕಾ, ಇನ್ನೂ ಜಾಸ್ತಿ ಆಗಿದೆ. ಎಲ್ಲರೂ ದಿನವಿಡೀ ಏನಾದರೂ ಹೇಳುತ್ತಲೇ ಇದ್ದಾರೆ. ಕಡಿಮೆ ಆಗಿರುವುದು ಮಾತಾಡಿಸುವುದು. ನಿಮ್ಮ ನೋವಿನ ಬೇರು ಇಲ್ಲೇ ಇದೆ ಅಂತ ನನ್ನ ಅಭಿಪ್ರಾಯ.

ಮೊದಲು ಒಬ್ಬರ ಸಮಾಚಾರ ಗೊತ್ತಾಗಬೇಕಾದರೆ ಅವರನ್ನು ಕೇಳಲೇಬೇಕಿತ್ತು. ಇನ್‌ಲ್ಯಾಂಡ್ ಪತ್ರ ನೆನಪಿದೆಯಲ್ಲ? 'ನಾವೆಲ್ಲರೂ ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯಿರಿ' ಅಂತ ಶುರು. ಮಳೆ ಬಂತಾ, ಎಮ್ಮೆ ಈಯ್ದಿತಾ, ತಂಗಿಗೆ ವರ ಗೊತ್ತಾಯಿತಾ ಅಂತ ಅರ್ಧ ಪತ್ರ ಬರೀ ಪ್ರಶ್ನೆಯೇ. ಎಸ್‌ಟಿಡಿ ಬೂತಿನಲ್ಲಿ ಮೀಟರ್ ಓಡುತ್ತಿದ್ದರೂ ಮೊದಲ ಮಾತು 'ಆರಾಮ ಅದೀರಿ?'. ಗೊತ್ತು ಮಾಡಿಕೊಳ್ಳುವುದು, ಕೇಳುವುದು, ಎರಡೂ ಒಂದೇ ಗಂಟಿನಲ್ಲಿದ್ದವು. ಈಗ ಆ ಗಂಟು ಬಿಚ್ಚಿದೆ. ಕೇಳದೆಯೇ ಎಲ್ಲ ಗೊತ್ತಾಗುತ್ತದೆ. ನೀವು ಶರಣಬಸವೇಶ್ವರ ಜಾತ್ರೆಗೆ ಹೋಗಿ ಬಂದದ್ದು, ಮೊಮ್ಮಗನ ಜವಳ ಆದದ್ದು, ಪಂಚಮಿಗೆ ಎಷ್ಟು ಥರದ ಉಂಡಿ ಕಟ್ಟಿದಿರಿ ಅನ್ನುವುದು, ಎಲ್ಲ ಅವನಿಗೆ ಗೊತ್ತು. 'ಅಕ್ಕ ಆರಾಮ ಇದ್ದಾಳೆ' ಅಂತ ಅವನ ಮನಸ್ಸು ನಿರಾಳ ಆಗುತ್ತದೆ. ನಿರಾಳ ಆದವನು ಫೋನ್ ಯಾಕೆ ಮಾಡುತ್ತಾನೆ? ನೀವು ಅವನ ಹೆಸರು ನೋಡಿ 'ನೋಡಿದ, ಆದರೂ ಫೋನ್ ಮಾಡಲಿಲ್ಲ' ಅಂತ ಕೊರಗುತ್ತೀರಿ. ನನಗನಿಸುವುದು, ನೋಡಿದ್ದರಿಂದಲೇ ಅವನು ಫೋನ್ ಮಾಡಲಿಲ್ಲ.

ಬರೀ ನೋಡುವುದು ಬೇರೆ, ಮಾತಾಡಿಸುವುದು ಬೇರೆ ಅನ್ನುವುದು ನನ್ನೊಬ್ಬನ ಊಹೆ ಅಲ್ಲ. ಮೊಯ್ರಾ ಬರ್ಕ್ ಮತ್ತು ರಾಬರ್ಟ್ ಕ್ರೌಟ್ ಅನ್ನುವ ಇಬ್ಬರು ಸಂಶೋಧಕರು ಸುಮಾರು 1,900 ಫೇಸ್‌ಬುಕ್ ಬಳಕೆದಾರರನ್ನು ಗಮನಿಸಿ 2016ರಲ್ಲಿ ಪ್ರಕಟಿಸಿದರು. ಹತ್ತಿರದವರು ತನಗಂತಲೇ ಕೂತು ಬರೆದ ಮಾತು ಬಂದಾಗ ಜನರ ಮನಸ್ಸಿನ ನೆಮ್ಮದಿ ಏರಿತ್ತು. ಬರೀ ಲೈಕ್ ಬಂದರೆ ಏರಿರಲಿಲ್ಲ. ಎಲ್ಲರಿಗೂ ಅಂತ ಹಾಕಿದ ಪೋಸ್ಟುಗಳನ್ನು ಓದಿದರೂ ಏರಿರಲಿಲ್ಲ. ಹೆಬ್ಬೆರಳಿನ ಒಂದು ಒತ್ತಿಗೂ ನಾಲ್ಕು ಸಾಲಿಗೂ ಮನಸ್ಸು ವ್ಯತ್ಯಾಸ ಮಾಡುತ್ತದೆ ಅಂತ ಆಯಿತು. ಕಂಪನಿಗಳು ನಡೆದದ್ದು ಮಾತ್ರ ಒತ್ತಿನ ಕಡೆಗೆ. ಫೇಸ್‌ಬುಕ್ 2009ರಲ್ಲಿ ಲೈಕ್ ಗುಂಡಿ ತಂದಿತು. ವಾಟ್ಸಾಪ್‌ನಲ್ಲಿ 2022ರಿಂದ ಬಂದ ಮಾತಿನ ಮೇಲೆಯೇ ಒಂದು ಹೃದಯ, ಒಂದು ಹೆಬ್ಬೆರಳು ಅಂಟಿಸಬಹುದು. ಉತ್ತರ ಕೊಟ್ಟಂತೆ ಅನಿಸುತ್ತದೆ, ಆದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ನಮ್ಮ ಊರಿಗೆ ಇದರಲ್ಲಿ ಇನ್ನೊಂದು ಪೆಟ್ಟು ಬಿತ್ತು. ದೇಶದಲ್ಲಿ ಕೊರೊನಾಕ್ಕೆ ಮೊದಲ ಸಾವಾದದ್ದು ಕಲಬುರಗಿಯಲ್ಲಿ, 2020ರ ಮಾರ್ಚ್‌ನಲ್ಲಿ. ಲಾಕ್‌ಡೌನ್ ಇನ್ನೂ ಬಂದಿರಲಿಲ್ಲ, ಅಷ್ಟರಲ್ಲೇ ಇಲ್ಲಿ ಭಯ ಹೊಕ್ಕಿತ್ತು. ಸಾವಿನ ಮನೆಗೆ ಹೋಗಬಾರದು, ಹೆಗಲು ಕೊಡಬಾರದು, ಜಮಖಾನೆ ಹಾಸಬಾರದು. ಮಾತಾಡಿಸಿ ಬರುವ ಪದ್ಧತಿಯೇ ನಿಂತುಹೋಯಿತು. ಅದರ ಜಾಗಕ್ಕೆ ಕೈ ಮುಗಿದ ಒಂದು ಹಳದಿ ಚಿತ್ರ ಬಂತು. ಆಗ ಅದು ಅನಿವಾರ್ಯ, ಯಾರನ್ನೂ ದೂರುವ ಹಾಗಿಲ್ಲ. ರೋಗ ಹೋಯಿತು, ಆ ಚಿತ್ರ ಉಳಿಯಿತು.

ನನ್ನದೇ ಒಂದು ತಪ್ಪು ಹೇಳುತ್ತೇನೆ. 2021ರಲ್ಲಿ ನನ್ನ ಶಾಲೆಯ ಗೆಳೆಯನ ತಾಯಿ ತೀರಿಕೊಂಡರು. ಆ ತಾಯಿಯ ಕೈಯ ಜೋಳದ ರೊಟ್ಟಿ ತಿಂದು ಬೆಳೆದವನು ನಾನು. ಗೆಳೆಯರ ಗುಂಪಿನಲ್ಲಿ ಸುದ್ದಿ ಬಂತು. ಎಲ್ಲರೂ ಕೈ ಮುಗಿದರು, ನಾನೂ ಮುಗಿದೆ. ನನ್ನ ಮನಸ್ಸಿನಲ್ಲಿ ಆ ಕೆಲಸ ಮುಗಿದಿತ್ತು. ಎಂಟು ತಿಂಗಳ ನಂತರ ಸೂಪರ್ ಮಾರ್ಕೆಟ್ ಹತ್ತಿರ ಅವನು ಸಿಕ್ಕ. 'ಅವ್ವ ಕೊನಿಗೆ ಏನಂದ್ಳಪಾ?' ಅಂತ ಕೇಳಿದೆ. ಅಷ್ಟೇ. ಮೋಟರ್ ಸೈಕಲ್ ಸ್ಟ್ಯಾಂಡ್ ಹಾಕಿ ನಿಂತವನು ಒಂದು ತಾಸು ಮಾತಾಡಿದ. ಕೈಯಲ್ಲಿದ್ದ ಕೊತ್ತಂಬರಿ ಬಾಡಿತು. ಕೊನೆಗೆ ಅವನಂದ, 'ಇಷ್ಟ ದಿನಾ ಯಾರೂ ಕೇಳಿರ್ಲಿಲ್ಲೋ.' ಗುಂಪಿನಲ್ಲಿ ನಲವತ್ತು ಮಂದಿ ಕೈ ಮುಗಿದಿದ್ದೆವು. ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಹಾಗಂತ ಫೋನನ್ನು ಬಾವಿಗೆ ಹಾಕಿ ಅಂತ ನಾನು ಹೇಳುವುದಿಲ್ಲ. ನಮ್ಮ ಭಾಗಕ್ಕೆ ಅದು ಕೊಟ್ಟಿರುವುದೂ ಬಹಳ ಇದೆ, ಅದನ್ನು ಹೇಳದಿದ್ದರೆ ಅನ್ಯಾಯ.

ನಮ್ಮ ಮಾತನ್ನೇ ನೋಡಿ. 'ಹೋಗ್ಲತ್ತೀನಿ, ಬರ್ಲತ್ತೀನಿ' ಅನ್ನುವ ನಮ್ಮ ಹುಡುಗರು ಬೆಂಗಳೂರಿಗೆ ಹೋದ ವಾರದಲ್ಲೇ ನಾಲಿಗೆ ತಿದ್ದಿಕೊಳ್ಳುತ್ತಿದ್ದರು, ನಕ್ಕಾರು ಅಂತ. 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗ ಆಯಿತು. ಆಮೇಲೆ ನಮ್ಮ ಹುಡುಗ ಹುಡುಗಿಯರು ಅದೇ ಮಾತಿನಲ್ಲಿ ಸಣ್ಣ ಸಣ್ಣ ವಿಡಿಯೊ ಮಾಡತೊಡಗಿದರು. ಅತ್ತೆ ಸೊಸೆ ಮಾತು, ಬಸ್‌ಸ್ಟ್ಯಾಂಡಿನ ಮಾತು, ಗಂಜ್ ಮಾರುಕಟ್ಟೆಯಲ್ಲಿ ತೊಗರಿ ತೂಗುವಾಗಿನ ಮಾತು. ಮೈಸೂರಿನವರೂ ನೋಡಿ ಕಮೆಂಟ್ ಹಾಕುತ್ತಾರೆ. ನನ್ನ ತರಗತಿಯಲ್ಲಿ ಈಗ ಮಕ್ಕಳು ಅಳುಕದೆ ನಮ್ಮ ಕಡೆಯ ಮಾತಾಡುತ್ತಾರೆ. ಯಾವ ಸರಕಾರದ ಆದೇಶವೂ ಈ ಧೈರ್ಯ ಕೊಟ್ಟಿರಲಿಲ್ಲ.

ಭಜನೆಯದು ಬೇರೆ ಕತೆ. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ನಮ್ಮ ಹಳ್ಳಿಗಳಲ್ಲಿ ಏಕತಾರಿ, ದಮ್ಮಡಿ ಹಿಡಿದು ರಾತ್ರಿಯೆಲ್ಲ ಹಾಡುತ್ತಾರೆ. ಮೊಹರಂನಲ್ಲಿ ಕರ್ಬಲಾದ ಕತೆ ಹಾಡುವ ರಿವಾಯತ್ ಪದಗಳಿವೆ. ಇವನ್ನೆಲ್ಲ ಈಗ ಯಾರೋ ಒಬ್ಬ ಹುಡುಗ ಫೋನಿನಲ್ಲಿ ಹಿಡಿದು ಹಾಕುತ್ತಾನೆ, ಮುಂಬೈಯಲ್ಲಿ ದುಡಿಯುವವನು ಕೆಲಸ ಬಿಟ್ಟ ಮೇಲೆ ಕೇಳುತ್ತಾನೆ. ಒಳ್ಳೆಯದೇ. ಆದರೆ ತತ್ವಪದದಲ್ಲಿ ಅಂಕಿತ, ಅಂದರೆ ಪದ ಕಟ್ಟಿದವರ ಮುದ್ರೆಯ ಹೆಸರು, ಬರುವುದು ಕೊನೆಗೆ. ಅಲ್ಲಿಗೆ ಬಂದಾಗ ಅದುವರೆಗೆ ಹೇಳಿದ್ದೆಲ್ಲ ಒಮ್ಮೆಗೇ ಬೆಳಗುತ್ತದೆ. ಮೂವತ್ತು ಸೆಕೆಂಡಿನ ರೀಲಿನಲ್ಲಿ ಅಂಕಿತ ಬರುವ ಮೊದಲೇ ಪದ ಕತ್ತರಿಸಿ ಹೋಗುತ್ತದೆ. ಮುಂದಿನ ರೀಲಿನಲ್ಲಿ ಯಾರೋ ಕುಣಿಯುತ್ತಿರುತ್ತಾರೆ. ಜೊತೆಗೆ, ಭಜನೆಯಲ್ಲಿ ಒಬ್ಬ ಎತ್ತಿದ ಸಾಲನ್ನು ಉಳಿದವರು ತಿರುಗಿ ಹೇಳಬೇಕು. ದೂರದಿಂದ ನೋಡುವವನು ಹೇಳಿದರೆ ಯಾರಿಗೆ ಕೇಳಿಸೀತು? ನೋಡುವುದಷ್ಟೇ ಅವನ ಪಾಲಿಗೆ.

ಈ ಇಡೀ ಫೋನಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಧ್ವನಿ ಸಂದೇಶ. ವಾಟ್ಸಾಪ್‌ನಲ್ಲಿ 2013ರಿಂದ ಇದೆ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 52ರ ಆಸುಪಾಸು, ರಾಜ್ಯದಲ್ಲೇ ಕಡಿಮೆ. ಅಲ್ಲಿ ಅಕ್ಷರ ಬಾರದ ತಾಯಿಗೆ ಇದು ಮೊದಲ ಸ್ವಂತ ಪತ್ರ. ಶಹಾಪುರ ತಾಲೂಕಿನ ಹಳ್ಳಿಯಲ್ಲಿ ನನ್ನ ವಿದ್ಯಾರ್ಥಿಯೊಬ್ಬನ ಮನೆಗೆ ಹೋಗಿದ್ದೆ. ಅವನ ಅಣ್ಣ ಬೆಂಗಳೂರಿನಲ್ಲಿ ಬಿಲ್ಡಿಂಗ್ ಕೆಲಸಕ್ಕಿದ್ದಾನೆ. ತಾಯಿಗೆ ಹೆಸರು ಓದಲು ಬರುವುದಿಲ್ಲ. ಹಳದಿ ಅಂಗಿಯ ಫೋಟೊ ನೋಡಿ 'ಇದು ದೊಡ್ಡವ' ಅಂತ ಗುರುತು ಹಿಡಿಯುತ್ತಾರೆ. ಒಮ್ಮೆ ಅವನು ಫೋಟೊ ಬದಲಿಸಿದ. ಎರಡು ದಿನ ಮಗ ಸಿಗದೆ ಆ ತಾಯಿ ಕಂಗಾಲಾಗಿದ್ದರಂತೆ. ಗೊತ್ತಾದ ಕೂಡಲೇ ಅವನು ಮತ್ತೆ ಹಳದಿ ಅಂಗಿಯದೇ ಹಾಕಿದ, ಇವತ್ತಿಗೂ ಅದೇ ಇದೆ. ನಾನು ಕೂತಿದ್ದಾಗ ಅವರು ಹೆಬ್ಬೆರಳಿನಿಂದ ಮೈಕಿನ ಗುರುತು ಒತ್ತಿ ಹಿಡಿದು, ಹೊಲದ ಆ ಬದುವಿನಲ್ಲಿದ್ದವರನ್ನು ಕರೆಯುವ ಹಾಗೆ ಗಟ್ಟಿಯಾಗಿ ಹೇಳಿದರು: 'ಯಪ್ಪಾ, ಶೇಂಗಾ ಬಿಡಿಸೀವಿ. ಎಮ್ಮಿ ಹಾಲ ಕಡಿಮಿ ಮಾಡ್ಯದ. ನೀ ಉಂಡಿಯೇನು? ಏನ್ ಉಂಡಿ ಹೇಳು.' ಕತ್ತಲಾದ ಮೇಲೆ ಉತ್ತರ ಬಂತು. ಅನ್ನ, ಬ್ಯಾಳಿ, ಒಂದು ತತ್ತಿ. ಹಿಂದೆ ಕಲ್ಲು ಕೊಯ್ಯುವ ಮಷೀನಿನ ಸದ್ದು. ಆ ತಾಯಿ ಮೂರು ಸಲ ಹಾಕಿ ಕೇಳಿದರು.

ಅದೇ ಫೋನು, ಅದೇ ಆ್ಯಪು. ಆದರೆ ಅವರು ಮಗನನ್ನು ಮಾತಾಡಿಸುತ್ತಿದ್ದಾರೆ. ದೂರ ಹತ್ತಿರ ಅನ್ನುವುದು ಫೋನಿನೊಳಗೆ ಮೊದಲೇ ತುಂಬಿಟ್ಟ ಗುಣ ಅಂತ ನನಗೆ ಅನಿಸುವುದಿಲ್ಲ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ 73 ಮನೆಗಳ 169 ಜನರನ್ನು ಗಮನಿಸಿ 1998ರಲ್ಲಿ ಇದೇ ಕ್ರೌಟ್ ಮತ್ತು ಜೊತೆಯವರು, ಇಂಟರ್ನೆಟ್ ಜಾಸ್ತಿ ಬಳಸಿದವರು ಮನೆಯವರ ಜೊತೆ ಮಾತು ಕಡಿಮೆ ಮಾಡಿದ್ದಾರೆ ಅಂದಿದ್ದರು. ಕೆಲವು ವರ್ಷ ಬಿಟ್ಟು ಮತ್ತೆ ನೋಡಿದಾಗ ಆ ಕೆಡುಕು ಬಹುಮಟ್ಟಿಗೆ ಮಾಯವಾಗಿತ್ತು. ಬದಲಿಗೆ, ಮೊದಲೇ ನಾಲ್ಕು ಜನರ ಆಸರೆ ಇದ್ದವರಿಗೆ ಇನ್ನಷ್ಟು ಲಾಭ ಆಗಿತ್ತು.

ಮಾತಾಡಿಸುವುದು ಬಿಟ್ಟು ಬರೀ ಹೇಳುವುದೇ ನಡೆದರೆ ಏನಾಗಬಹುದು ಅನ್ನುವುದನ್ನು ನಮ್ಮ ಪಕ್ಕದ ಬೀದರ್ ಜಿಲ್ಲೆ ನೋಡಿದೆ. 2018ರ ಜುಲೈ 13ರಂದು ಹೈದರಾಬಾದಿನ ಕಡೆಯಿಂದ ಬಂದಿದ್ದ ಗೆಳೆಯರ ಗುಂಪೊಂದು ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಆ ದಿನಗಳಲ್ಲಿ ಮಕ್ಕಳ ಕಳ್ಳರ ಸುಳ್ಳು ಸುದ್ದಿ ಎಲ್ಲ ಕಡೆ ಹರಿದಾಡುತ್ತಿತ್ತು. ಇವರೇ ಅವರು ಅಂತ ವಾಟ್ಸಾಪ್‌ನಲ್ಲಿ ವಿಡಿಯೊ ಹೋಯಿತು. ಕಾರಿಗಿಂತ ಮೊದಲು ಸುದ್ದಿ ಮುರ್ಕಿ ಗ್ರಾಮ ಮುಟ್ಟಿತು. ಜನ ದಾರಿ ಕಟ್ಟಿ ಹೊಡೆದರು. ಒಬ್ಬ ಯುವ ಎಂಜಿನಿಯರ್ ಸತ್ತ. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ನಮ್ಮ ಹಳ್ಳಿಗಳ ರೀತಿ ನಿಮಗೆ ಗೊತ್ತು. ಅಪರಿಚಿತ ಬಂದರೆ ಅಗಸಿ ಹತ್ತಿರ ಕೂತ ಮುತ್ತ್ಯಾ ಮೊದಲು ಕೇಳುವುದು 'ಯಾವೂರಪಾ ನಿಂದು?' ಅಂತ. ಆ ದಿನ ಆ ಹುಡುಗರನ್ನು ಯಾರಾದರೂ ಹಾಗೆ ಕೂರಿಸಿ ಕೇಳಿದ್ದರೆ ಅಂತ ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ದೇಶದಲ್ಲಿ ಆ ಬೇಸಿಗೆ, ಮಳೆಗಾಲದಲ್ಲಿ ಇಂಥ ಸಾವು ಹಲವು ಆದವು. ಅದೇ ಜುಲೈನಲ್ಲಿ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡುವ ಮಿತಿ ಪ್ರಕಟಿಸಿತು. ಮುಂದಿನ ವರ್ಷ ಅದು ಇಡೀ ಜಗತ್ತಿಗೆ ಬಂತು.

ಇನ್ನು ನಿಮ್ಮ ತಮ್ಮ. ಬ್ರಿಟನ್ನಿನ ರಾಬಿನ್ ಡನ್‌ಬಾರ್ ಅನ್ನುವ ವಿದ್ವಾಂಸರು ಮನುಷ್ಯ ಸುಮಾರು 150 ಜನರ ಜೊತೆ ಮಾತ್ರ ನಿಜವಾದ ಒಡನಾಟ ಇಟ್ಟುಕೊಳ್ಳಬಲ್ಲ, ಅದರಲ್ಲಿ ತೀರಾ ಹತ್ತಿರದವರು ಐದೇ ಜನ ಅನ್ನುತ್ತಾರೆ. ಅವರು ಮತ್ತು ಸ್ಯಾಮ್ ರಾಬರ್ಟ್ಸ್ ಅನ್ನುವವರು ಶಾಲೆ ಮುಗಿಸಿದ ಹುಡುಗ ಹುಡುಗಿಯರನ್ನು 18 ತಿಂಗಳು ಗಮನಿಸಿದರು. ಕಂಡದ್ದು ಎರಡು. ಮಾತುಕತೆ ನಿಂತರೆ ಗೆಳೆತನ ಬೇಗ ಬಾಡುತ್ತದೆ, ರಕ್ತಸಂಬಂಧ ಅಷ್ಟು ಬೇಗ ಬಾಡುವುದಿಲ್ಲ. ಹಾಗಾಗಿ ಒಂದು ವರ್ಷದ ಮೌನಕ್ಕೆ ಹೆದರಬೇಡಿ. ಎರಡನೆಯದು ನಿಮಗೆ ಇನ್ನೂ ಕೆಲಸಕ್ಕೆ ಬರುತ್ತದೆ. ಹೆಣ್ಣುಮಕ್ಕಳ ಗೆಳೆತನ ಮಾತಿನಿಂದ ಉಳಿಯುತ್ತದೆ, ಗಂಡುಮಕ್ಕಳದು ಜೊತೆಗೆ ಏನಾದರೂ ಮಾಡಿದರೆ ಉಳಿಯುತ್ತದೆ. ಆ ಮಾತು ಗೆಳೆತನದ್ದು, ಎಲ್ಲರಿಗೂ ಒಂದೇ ಸಮ ಅಂತಲೂ ಅಲ್ಲ. ಆದರೆ ನಿಮ್ಮ ತಮ್ಮನ ಬಗ್ಗೆ ನೀವು ಬರೆದ ನೆನಪು ಏನು? ಅವನು ಹೇಳಿದ ಯಾವ ಮಾತೂ ಅಲ್ಲ. ಗಿಡ ಹತ್ತಿ ಜೋಕಾಲಿ ಕಟ್ಟಿದ್ದು.

ಅದಕ್ಕೇ 'ಯಾಕ ಫೋನ್ ಮಾಡಲ್ಲ ನೀ?' ಅಂತ ಶುರು ಮಾಡಬೇಡಿ. ಆ ಮಾತಿಗೆ ಅವನ ಹತ್ತಿರ ಇರುವ ಉತ್ತರ ಒಂದೇ, 'ಕೆಲಸ ಜಾಸ್ತಿ ಅಕ್ಕಾ'. ಅವನನ್ನು ಪರೀಕ್ಷೆ ಮಾಡಲು ಸ್ಟೇಟಸ್ ಅವನಿಗೆ ಕಾಣದ ಹಾಗೆ ಮಾಡುವುದೂ ಬೇಡ. ಅದಕ್ಕೆ ಸೆಟ್ಟಿಂಗ್ ಇದೆ, ಬಹಳ ಜನ ಮಾಡುತ್ತಾರೆ, ಕೊನೆಗೆ ತಾವೇ ಅಳುತ್ತಾರೆ. ಇಷ್ಟು ಮಾಡಿ. ಮನೆಯಲ್ಲಿ ಏನಾದರೂ ಆದರೆ ಮೊದಲು ಅವನಿಗೆ ಹೇಳಿ, ಸ್ಟೇಟಸ್‌ಗೆ ಆಮೇಲೆ ಹಾಕಿ. ಫ್ಯಾಮಿಲಿ ಗ್ರೂಪಿನಲ್ಲಿ ಅಲ್ಲ, ಅವನೊಬ್ಬನಿಗೇ, ನಿಮ್ಮ ಧ್ವನಿಯಲ್ಲಿ. ಕೊನೆಗೆ ಒಂದು ಪ್ರಶ್ನೆ ಇರಲಿ, ಹೌದು ಇಲ್ಲ ಅಂತ ಉತ್ತರಿಸಿ ಮುಗಿಸಲು ಆಗದ ಪ್ರಶ್ನೆ. ಸಾವಿರ ರೂಪಾಯಿಯನ್ನೂ ಸಿಟ್ಟಿನಿಂದ ನೋಡಬೇಡಿ. ಪಂಚಮಿಗೆ ಅಕ್ಕನಿಗೆ ಏನಾದರೂ ಮುಟ್ಟಬೇಕು ಅನ್ನುವುದು ಅವನಿಗೆ ಮರೆತಿಲ್ಲ.

ಮುಂದಿನ ಪಂಚಮಿಗೆ ನೀವು ಅವನ ದಾರಿ ಕಾಯದೆ ಅವ್ವನ ಮನೆಗೆ ಮೊಮ್ಮಗನನ್ನು ಕರೆದುಕೊಂಡು ಹೋಗಿ. ಒಂದು ತಿಂಗಳು ಮುಂಚೆಯೇ ತಮ್ಮನಿಗೆ ಒಂದು ಧ್ವನಿ ಸಂದೇಶ ಕಳಿಸಿ. ಆ ಬೇವಿನ ಗಿಡ ಈಗ ಎಷ್ಟು ಎತ್ತರ ಆಗಿದೆ ಅಂತ ಹೇಳಿ. ಹುಡುಗ ಜೋಕಾಲಿ ಕೇಳುತ್ತಿದ್ದಾನೆ, ಇಲ್ಲಿ ಯಾರಿಗೂ ನಿನ್ನ ಹಾಗೆ ಗಂಟು ಹಾಕಲು ಬರುವುದಿಲ್ಲ ಅಂತ ಹೇಳಿ. ಆಮೇಲೆ ಹಗ್ಗ ಎಷ್ಟು ಮೊಳ ತರಬೇಕು ಅಂತ ಅವನನ್ನೇ ಕೇಳಿ.